ಗುಂಪಿನಲ್ಲಿ ಗೋವಿಂದ ಎನ್ನುವ ಮುನ್ನ



ಪಕ್ಕದ ಮನೆಯ ಹುಡುಗ ಪರೀಕ್ಷೆಯಲ್ಲಿ ನಪಾಸಾದರೆ ನಾವು ಏನೆನ್ನುತ್ತೇವೆ? ‘ಅವನು ಮೊದಲಿನಿಂದಲೂ ಸೋಮಾರಿ’ ಎನ್ನುತ್ತೇವೆ. ನಮ್ಮ ಮನೆಯ ಹುಡುಗನೇ ನಪಾಸಾದರೆ? ‘ಈ ಸಲ ಪ್ರಶ್ನೆಪತ್ರಿಕೆ ಕಷ್ಟವಿತ್ತು, ಸಾಲದ್ದಕ್ಕೆ ಜ್ವರ ಬೇರೆ ಬಂದಿತ್ತು’ ಎನ್ನುತ್ತೇವೆ. ಬೇರೆಯವರ ತಪ್ಪಿಗೆ ಅವರ ಗುಣ ಕಾರಣ, ನಮ್ಮ ತಪ್ಪಿಗೆ ಸಂದರ್ಭ ಕಾರಣ. ಈ ಎರಡು ಅಳತೆಗೋಲು ಎಲ್ಲ ಮನೆಗಳಲ್ಲೂ ಇವೆ. ಇದು ಬರೀ ನಮ್ಮೂರಿನವರ ದೋಷವಲ್ಲ. ಮನುಷ್ಯನ ನಡತೆಯನ್ನು ಅಳೆಯುವಾಗ ಅವನ ಸುತ್ತಲಿನ ಸನ್ನಿವೇಶವನ್ನು ಕಡೆಗಣಿಸಿ ಎಲ್ಲವನ್ನೂ ಅವನ ಗುಣದ ತಲೆಗೇ ಕಟ್ಟುವ ಈ ಚಾಳಿಗೆ 1977ರಲ್ಲಿ ಲೀ ರಾಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಹೆಸರನ್ನೇ ಇಟ್ಟರು. ಮನುಷ್ಯರು ಮಾಡುವ ಮೂಲಭೂತ ತಪ್ಪು ಇದು ಎಂಬುದು ಆ ಹೆಸರಿನ ಅರ್ಥ.

ನಮ್ಮ ಹಿರಿಯರಿಗೆ ಈ ವಿಷಯ ಗೊತ್ತಿರಲಿಲ್ಲ ಎನ್ನುವಂತಿಲ್ಲ. ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂದವರು ಅವರೇ, ‘ಹೂವಿನ ಜೊತೆ ನಾರೂ ಸ್ವರ್ಗ ಸೇರಿತು’ ಎಂದವರೂ ಅವರೇ. ಮನುಷ್ಯನ ಒಳಗೆ ಏನಿದೆ ಎಂಬುದರಷ್ಟೇ ಅವನ ಅಕ್ಕಪಕ್ಕ ಯಾರಿದ್ದಾರೆ ಎಂಬುದೂ ಮುಖ್ಯ ಎಂಬುದನ್ನು ಅವರು ಬಲ್ಲವರಾಗಿದ್ದರು. ಈ ತಿಂಗಳು ನಾವು ಇದೇ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಅದಕ್ಕೆ ದೂರ ಹೋಗಬೇಕಾಗಿಲ್ಲ, ತಾಳವಾಡಿ ಬೆಟ್ಟಸೀಮೆಯ ತಿಗನಾರೆಯ ಕಡೆಗೆ ಒಮ್ಮೆ ತಿರುಗಿದರೆ ಸಾಕು.

ಎರಡು ಕಡೆಗೂ ಸೇರಿದವರು

ತಿಗನಾರೆ ತಮಿಳುನಾಡಿನ ಈರೋಡ್ ಜಿಲ್ಲೆಯ ಒಂದು ಪಂಚಾಯಿತಿ. ಮನೆಯೊಳಗಿನ ಮಾತು ಹೆಚ್ಚಾಗಿ ಕನ್ನಡ. ಕಚೇರಿಯ ಕಾಗದ, ಬಸ್ಸಿನ ಬೋರ್ಡು, ಪಡಿತರ ಚೀಟಿ ತಮಿಳು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ಮರುವಿಂಗಡಣೆಯಾದಾಗ ಈ ಸೀಮೆ ಕೊಯಮತ್ತೂರು ಜಿಲ್ಲೆಯಲ್ಲಿ, ಅಂದರೆ ಮದರಾಸು ರಾಜ್ಯದಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರಿನಿಂದ ಹೊಸ ಜಿಲ್ಲೆ ಬೇರೆಯಾದಾಗ ಅದಕ್ಕೆ ಸೇರಿತು. ಇಲ್ಲಿಯವರಿಗೆ ಚಾಮರಾಜನಗರವೇ ಹತ್ತಿರ. ತಮ್ಮದೇ ಜಿಲ್ಲಾ ಕೇಂದ್ರ ನೋಡಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಸತ್ಯಮಂಗಲ ದಾಟಿ ಹೋಗಬೇಕು. ಹೆಣ್ಣು ಕೊಟ್ಟು ತಂದ ಮನೆಗಳು ಗಡಿಯ ಎರಡೂ ಕಡೆ ಇವೆ. ತಮಿಳುನಾಡು ಸರ್ಕಾರ 2006ರಲ್ಲಿ ತಂದ ಕಾಯಿದೆಯ ಪ್ರಕಾರ ಎಲ್ಲ ಶಾಲೆಗಳಲ್ಲೂ ತಮಿಳನ್ನು ಒಂದು ಪಾಠವಾಗಿ ಹಂತಹಂತವಾಗಿ ಕಡ್ಡಾಯ ಮಾಡಲಾಯಿತು. ಹೀಗಾಗಿ ಇಲ್ಲಿ ಅಜ್ಜಿ ಒಂದು ಲಿಪಿ ಓದಿದರೆ ಮೊಮ್ಮಗಳು ಇನ್ನೊಂದು ಲಿಪಿ ಸರಾಗವಾಗಿ ಓದುತ್ತಾಳೆ.

ಇಲ್ಲಿಯ ರೈತನೊಬ್ಬ ಎಲೆಕೋಸು ತುಂಬಿದ ಟೆಂಪೊ ಏರಿ ಮೈಸೂರಿನ ಕಡೆಗೆ ಹೊರಟ ಎಂದುಕೊಳ್ಳೋಣ. ಬಾಯಿ ತೆರೆದರೆ ಅಪ್ಪಟ ಕನ್ನಡ. ಆದರೆ ಟೆಂಪೊದ ನಂಬರ್ ಪ್ಲೇಟ್ ‘ಟಿ.ಎನ್.’ ಎಂದು ಶುರುವಾಗುತ್ತದೆ. ಕಾವೇರಿ ಗಲಾಟೆಯ ದಿನಗಳಲ್ಲಿ ಆ ಎರಡು ಅಕ್ಷರಗಳೇ ಅವನ ಜಾತಕ. ಅದೇ ಮನುಷ್ಯ ಅದೇ ವಾರ ಘಾಟಿ ಇಳಿದು ಬಯಲಿನ ಪೇಟೆಗೆ ಹೋದರೆ ಅಲ್ಲಿ ಅವನ ಮಾತಿನ ಧಾಟಿ ಕೇಳಿ ‘ಕನ್ನಡದವನು’ ಎನ್ನುತ್ತಾರೆ. ಅವನು ಬದಲಾಗಲಿಲ್ಲ, ನೋಡುವವರ ಗುಂಪು ಬದಲಾಯಿತು. ಒಬ್ಬನೇ ಮನುಷ್ಯ ಒಂದು ಕಡೆ ‘ನಮ್ಮವನು’, ಇನ್ನೊಂದು ಕಡೆ ‘ಅವರವನು’. ಈ ‘ನಾವು’ ಮತ್ತು ‘ಅವರು’ ಎಂಬ ಗೆರೆ ನಮ್ಮ ಮನಸ್ಸಿನಲ್ಲಿ ಎಷ್ಟು ಸುಲಭವಾಗಿ ಬೀಳುತ್ತದೆ?

ಗೆರೆ ಎಳೆಯಲು ಕಾರಣವೇ ಬೇಡ

ಹೆನ್ರಿ ತಾಜ್ಫೆಲ್ ಎಂಬ ವಿಜ್ಞಾನಿ ಪೋಲೆಂಡಿನ ಯೆಹೂದ್ಯರು. ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯದಲ್ಲಿದ್ದು ಜರ್ಮನರಿಗೆ ಸೆರೆಸಿಕ್ಕು ಬದುಕಿ ಬಂದರು. ಬಂದು ನೋಡಿದರೆ ಅವರ ಕುಟುಂಬದವರೂ ಸ್ನೇಹಿತರೂ ಹೆಚ್ಚುಕಡಿಮೆ ಎಲ್ಲರೂ ಯೆಹೂದ್ಯರ ಆ ಕಗ್ಗೊಲೆಯಲ್ಲಿ ಹೋಗಿಬಿಟ್ಟಿದ್ದರು. ಮನುಷ್ಯರು ಗುಂಪು ಕಟ್ಟಿ ಮನುಷ್ಯರನ್ನೇ ದ್ವೇಷಿಸುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಮುಂದೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅವರು 14–15 ವರ್ಷದ ಶಾಲಾ ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದರು. ಅದು 1970ರಲ್ಲಿ ಪ್ರಕಟವಾಯಿತು.

ಪರದೆಯ ಮೇಲೆ ತೋರಿಸಿದ ಚುಕ್ಕೆಗಳು ಎಷ್ಟು ಎಂದು ಹುಡುಗರು ಅಂದಾಜು ಹೇಳಬೇಕಿತ್ತು. ‘ನೀನು ಹೆಚ್ಚು ಹೇಳುವವರ ಗುಂಪು, ನೀನು ಕಡಿಮೆ ಹೇಳುವವರ ಗುಂಪು’ ಎಂದು ಅವರನ್ನು ಎರಡಾಗಿ ಮಾಡಲಾಯಿತು. ನಿಜಕ್ಕೂ ಆ ವಿಂಗಡಣೆಗೆ ಅರ್ಥವೇ ಇರಲಿಲ್ಲ, ಮನಸ್ಸಿಗೆ ಬಂದಂತೆ ಹಂಚಿದ್ದರು. ಗುಂಪಿನಲ್ಲಿ ತನ್ನ ಜೊತೆ ಯಾರಿದ್ದಾರೆ ಎಂಬುದೂ ಹುಡುಗರಿಗೆ ತಿಳಿಯದು. ಅನಂತರ ಎರಡೂ ಗುಂಪಿನ ಬೇರೆ ಹುಡುಗರಿಗೆ ಸ್ವಲ್ಪ ಹಣ ಹಂಚಲು ಹೇಳಿದರು. ಹಂಚುವವನಿಗೆ ಅದರಲ್ಲಿ ಕಾಸೂ ಇಲ್ಲ. ಆದರೂ ಹೆಚ್ಚಿನ ಹುಡುಗರು ತಮ್ಮ ಗುಂಪಿನವನಿಗೇ ಹೆಚ್ಚು ಕೊಟ್ಟರು. ಅಷ್ಟೇ ಅಲ್ಲ, ತಮ್ಮವನಿಗೆ ಸ್ವಲ್ಪ ಕಡಿಮೆ ಸಿಕ್ಕರೂ ಚಿಂತೆಯಿಲ್ಲ, ‘ಅವರವನಿಗೆ’ ಇನ್ನೂ ಕಡಿಮೆ ಸಿಗಲಿ ಎಂಬಂತೆ ಹಂಚಿದವರೂ ಇದ್ದರು.

ಗಮನಿಸಿ. ಅಲ್ಲಿ ಭಾಷೆ ಇಲ್ಲ, ಜಾತಿ ಇಲ್ಲ, ಹಳೆಯ ಜಗಳ ಇಲ್ಲ, ನೀರಿನ ಪಾಲು ಇಲ್ಲ. ಬರೀ ಒಂದು ಹಣೆಪಟ್ಟಿ. ಒಂದು ಹಣೆಪಟ್ಟಿಯೇ ಇಷ್ಟು ಮಾಡಬಲ್ಲುದಾದರೆ, ನಿಜವಾದ ನದಿಯೂ ನಿಜವಾದ ಭಾಷೆಯೂ ಸೇರಿದಾಗ ಏನಾದೀತು?

ಏನಾಯಿತು ಎಂಬುದು ನಮಗೆ ಗೊತ್ತೇ ಇದೆ. 1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ವರ್ಷಕ್ಕೆ 205 ಟಿಎಂಸಿ ನೀರು ಬಿಡುವಂತೆ ಮಧ್ಯಂತರ ಆದೇಶ ಕೊಟ್ಟಿತು. ಅದು ಡಿಸೆಂಬರಿನಲ್ಲಿ ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾದದ್ದೇ ತಡ, ಬೆಂಗಳೂರಿನಲ್ಲೂ ಹಳೆ ಮೈಸೂರಿನ ಭಾಗಗಳಲ್ಲೂ ತಮಿಳು ಮಾತನಾಡುವವರ ಮೇಲೆ ದಾಳಿಗಳಾದವು. ಪ್ರಾಣಗಳು ಹೋದವು. ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿದರು. ಅತ್ತ ತಮಿಳುನಾಡಿನಲ್ಲಿದ್ದ ಕನ್ನಡಿಗರೂ ದಾಳಿಗೆ ಗುರಿಯಾದರು. 2000ದ ಜುಲೈ 30ರ ರಾತ್ರಿ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ್ದು ಇದೇ ತಾಳವಾಡಿ ಸೀಮೆಯ ದೊಡ್ಡ ಗಾಜನೂರಿನ ಮನೆಯಿಂದ. 108 ದಿನಗಳ ಬಳಿಕ, ನವೆಂಬರ್ 15ರಂದು ಅವರ ಬಿಡುಗಡೆಯಾಗುವವರೆಗೆ ಎರಡೂ ರಾಜ್ಯಗಳು ಉಸಿರು ಬಿಗಿಹಿಡಿದು ಕುಳಿತಿದ್ದವು. ಒಬ್ಬ ಕಾಡುಗಳ್ಳನ ಕೃತ್ಯಕ್ಕೆ ಒಂದಿಡೀ ಭಾಷೆಯ ಜನ ಉತ್ತರ ಹೇಳಬೇಕಾದೀತೆಂಬ ಭಯ ಬೆಂಗಳೂರಿನ ಎಷ್ಟೋ ತಮಿಳು ಕುಟುಂಬಗಳನ್ನು ಕಾಡಿತು. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಹತ್ತಾರು ಬಸ್ಸು, ಲಾರಿಗಳು ಸುಟ್ಟುಹೋದವು.

ಕಲ್ಲೆಸೆದವರೆಲ್ಲ ಹುಟ್ಟಾ ದುಷ್ಟರೇ? ಬೆಂಕಿ ಇಟ್ಟ ಕೈಗಳಲ್ಲಿ ಹಿಂದಿನ ದಿನ ತಾಯಿಗೆ ಔಷಧ ತಂದುಕೊಟ್ಟ ಕೈಯೂ ಇದ್ದಿರಬಹುದಲ್ಲವೇ? ಹಾಗಾದರೆ ಮನೆಯಲ್ಲಿ ಹಸುವಿನಂತಿರುವ ಹುಡುಗ ಬೀದಿಯಲ್ಲಿ ಹುಲಿಯಾಗುವುದು ಹೇಗೆ?

ಕಣ್ಣಿಗಿಂತ ಗುಂಪು ದೊಡ್ಡದು

ಅಮೆರಿಕದ ಸಾಲೊಮನ್ ಆಶ್ ಎಂಬ ವಿದ್ವಾಂಸರು 1950ರ ದಶಕದಲ್ಲಿ ಮಾಡಿದ ಪ್ರಯೋಗ ಇದಕ್ಕೆ ಒಂದು ಉತ್ತರ ಕೊಡುತ್ತದೆ. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆ. ಆ ಮೂರರಲ್ಲಿ ಯಾವುದು ಮೊದಲಿನ ಗೆರೆಗೆ ಸಮ ಎಂದು ಹೇಳಬೇಕು. ಮಗು ಕೂಡ ಹೇಳಬಹುದಾದಷ್ಟು ಸುಲಭ. ಕೋಣೆಯಲ್ಲಿ ಏಳೆಂಟು ಕಾಲೇಜು ವಿದ್ಯಾರ್ಥಿಗಳು. ಆದರೆ ಅವರಲ್ಲಿ ಒಬ್ಬನ ಹೊರತು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟವರು. ಅವರು ಒಬ್ಬರ ನಂತರ ಒಬ್ಬರು ಒಂದೇ ತಪ್ಪು ಉತ್ತರ ಹೇಳುತ್ತಾರೆ. ಕೊನೆಯಲ್ಲಿ ಆ ಒಬ್ಬನ ಸರದಿ. ಅವನು ಏನು ಹೇಳಬೇಕು? ಕಣ್ಣಿಗೆ ಕಂಡದ್ದನ್ನೋ, ಎಲ್ಲರೂ ಹೇಳಿದ್ದನ್ನೋ?

ಮೂರು ಉತ್ತರಗಳಲ್ಲಿ ಒಂದಕ್ಕಿಂತ ಹೆಚ್ಚು ಪಾಲು ಗುಂಪಿನ ಕಡೆ ವಾಲಿತು. ಸುಮಾರು ಕಾಲು ಭಾಗದವರು ಮಾತ್ರ ಒಮ್ಮೆಯೂ ಮಣಿಯಲಿಲ್ಲ. ಉಳಿದವರು ಒಂದಲ್ಲ ಒಂದು ಸಲ ತಮ್ಮ ಕಣ್ಣನ್ನು ಬಿಟ್ಟು ಗುಂಪನ್ನು ನಂಬಿದರು, ಅಥವಾ ನಂಬಿದಂತೆ ನಡೆದುಕೊಂಡರು. ಅಲ್ಲಿ ಯಾರೂ ಅವರನ್ನು ಹೆದರಿಸಿರಲಿಲ್ಲ, ಬೈದಿರಲಿಲ್ಲ. ‘ಎಲ್ಲರೂ ಒಂದು ಹೇಳುವಾಗ ನಾನೊಬ್ಬನೇ ಬೇರೆ ಹೇಳಿದರೆ ಹೇಗೆ’ ಎಂಬ ಸಂಕೋಚ ಒಂದೇ ಸಾಕಾಯಿತು.

ಈ ಸಂಕೋಚ ನಮ್ಮ ನಡುವೆಯೂ ದಿನನಿತ್ಯ ಕೆಲಸ ಮಾಡುತ್ತದೆ. ಹೋದ ವರ್ಷ ಪಕ್ಕದ ಹೊಲದವನು ಬೆಳ್ಳುಳ್ಳಿಯಲ್ಲಿ ನಾಲ್ಕು ಕಾಸು ಕಂಡರೆ ಈ ವರ್ಷ ಊರಿಗೆ ಊರೇ ಬೆಳ್ಳುಳ್ಳಿ ನೆಡುತ್ತದೆ, ಬೆಲೆ ನೆಲಕಚ್ಚುತ್ತದೆ. ನೆಂಟರು ಮಗಳ ಮದುವೆಗೆ ಸಾವಿರ ಜನಕ್ಕೆ ಊಟ ಹಾಕಿದರು ಎಂದು ನಾವೂ ಸಾಲ ಎತ್ತಿ ಸಾವಿರ ಎಲೆ ಹಾಕಿಸುತ್ತೇವೆ. ‘ಬೇಡ’ ಎನ್ನುವ ಬಾಯಿ ಮನೆಯಲ್ಲಿ ಇದ್ದೇ ಇರುತ್ತದೆ. ಆದರೆ ಹತ್ತು ಜನರ ಮುಂದೆ ಅದು ತೆರೆಯುವುದಿಲ್ಲ.

ಹಾಗೆಂದು ಗುಂಪು ಎಂದರೆ ಹುಚ್ಚರ ಸಂತೆ ಎಂದುಕೊಳ್ಳುವುದು ಬೇಡ. ತಾಳವಾಡಿಯ ಸಮೀಪದ ಗುಮಟಾಪುರದಲ್ಲಿ ಪ್ರತಿವರ್ಷ ದೀಪಾವಳಿಯ ಸಮಯದಲ್ಲಿ ಗೊರೆಹಬ್ಬ ನಡೆಯುತ್ತದೆ. ಊರ ಮನೆಮನೆಗಳಿಂದ ತಂದ ಸಗಣಿಯನ್ನು ರಾಶಿ ಹಾಕಿ, ಗಂಡಸರೂ ಹುಡುಗರೂ ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ಮೈತುಂಬ ಸಗಣಿ ಮೆತ್ತಿಕೊಂಡರೂ ಯಾರೂ ಯಾರ ಮೇಲೂ ಕೋಪಿಸಿಕೊಳ್ಳುವಂತಿಲ್ಲ. ಕೊನೆಗೆ ಚಾಡಿಕೋರನ ಪ್ರತಿಕೃತಿಯನ್ನು ಸುಡುತ್ತಾರೆ. ಎಸೆಯುವುದು ಸಗಣಿಯನ್ನೇ, ಕಲ್ಲನ್ನಲ್ಲ. ಎಲ್ಲಿ ಶುರು, ಎಲ್ಲಿ ನಿಲ್ಲಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ಅಂದರೆ ಗುಂಪಿಗೂ ಒಂದು ಕಟ್ಟುಪಾಡು ಇರುತ್ತದೆ. 1980ರಲ್ಲಿ ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್ ಎಂಬಲ್ಲಿ ನಡೆದ ಗಲಭೆಯನ್ನು ಅಭ್ಯಾಸ ಮಾಡಿದ ಸ್ಟೀಫನ್ ರೈಚರ್ ಎಂಬವರು ಕಂಡದ್ದೂ ಇದನ್ನೇ. ಗುಂಪಿನಲ್ಲಿ ಮನುಷ್ಯ ಬುದ್ಧಿ ಕಳೆದುಕೊಳ್ಳುವುದಿಲ್ಲ, ‘ನಮ್ಮವರು ಹೀಗೆ ನಡೆಯುತ್ತಾರೆ’ ಎಂದು ತಾನು ತಿಳಿದಂತೆ ನಡೆಯುತ್ತಾನೆ. ಹಾಗಾದರೆ ಪ್ರಶ್ನೆ ಇಷ್ಟೇ. ‘ನಮ್ಮವರು’ ಹೇಗೆ ನಡೆಯುತ್ತಾರೆ ಎಂದು ನಮ್ಮ ಮಕ್ಕಳಿಗೆ ಹೇಳಿಕೊಟ್ಟವರು ಯಾರು? ನಾವೇ ಅಲ್ಲವೇ?

ಅಂಗೈಯಲ್ಲಿನ ಚಾಡಿಕೋರ

ಗುಮಟಾಪುರದವರು ವರ್ಷಕ್ಕೊಮ್ಮೆ ಚಾಡಿಕೋರನನ್ನು ಸುಟ್ಟರೆ, ನಾವು ಅವನನ್ನು ಅಂಗೈಯಲ್ಲೇ ಹಿಡಿದುಕೊಂಡು ತಿರುಗುತ್ತಿದ್ದೇವೆ. 2018ರಲ್ಲಿ ದೇಶದ ಹಲವು ಕಡೆ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸಪ್‌ನಲ್ಲಿ ಹರಡಿತು. ಬೈಕಿನಲ್ಲಿ ಬಂದ ಇಬ್ಬರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಅದರ ಜೊತೆಗಿತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಜಾಗೃತಿಗಾಗಿ ಮಾಡಿದ ಚಿತ್ರ. ಅದೇ ಬೈಕಿನವರು ಮಗುವನ್ನು ಹಿಂತಿರುಗಿ ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಅಷ್ಟೇ ಸಾಕಾಯಿತು.

ಆ ವರ್ಷದ ಮೇ ತಿಂಗಳಲ್ಲಿ ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಲ್ಲಿ ದಾರಿ ಕೇಳಲು ಕಾರು ನಿಲ್ಲಿಸಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ವಯಸ್ಸಾದ ಹೆಂಗಸೊಬ್ಬರನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನ ಪ್ರಾಣ ಹೋಯಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರ್ ಒಬ್ಬರನ್ನು ಗುಂಪು ಕೊಂದಿತು. ಅಲ್ಲೂ ಕಾರಣ ಮಕ್ಕಳಿಗೆ ಕೊಟ್ಟ ಚಾಕೊಲೇಟು. ತಡೆಯಲು ಮಧ್ಯೆ ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಆ ಜುಲೈಯಲ್ಲೇ ವಾಟ್ಸಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಮುಂದೂಡದಂತೆ ಮಿತಿ ತಂದಿತು.

ಯೋಚಿಸಿ ನೋಡಿ. ಕೊಂದವರು ತಾವು ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದೇ ನಂಬಿದ್ದರು. ಸುದ್ದಿ ಬಂದದ್ದು ಅಪರಿಚಿತರಿಂದಲ್ಲ, ಚಿಕ್ಕಪ್ಪನಿಂದ, ಸಹಪಾಠಿಯಿಂದ, ಬೀದಿಯ ಸಂಘದಿಂದ. ‘ನಮ್ಮವರು’ ಕಳಿಸಿದ್ದು ಸುಳ್ಳಾಗಲು ಸಾಧ್ಯವೇ ಎಂದು ಮನಸ್ಸು ಹೇಳುತ್ತದೆ. ಸುಳ್ಳಿಗೆ ಪ್ರೀತಿಪಾತ್ರರ ಮುಖ ಸಿಕ್ಕಿತೆಂದರೆ ಅದರ ಓಟಕ್ಕೆ ತಡೆಯಿಲ್ಲ.

ಅವಸರ ಎಂಬ ಕುರುಡು

ಕೆಟ್ಟದ್ದು ಮಾಡುವುದಕ್ಕೆ ಗುಂಪು ಕಾರಣವಾದರೆ, ಒಳ್ಳೆಯದು ಮಾಡದೆ ಉಳಿಯುವುದಕ್ಕೆ ಏನು ಕಾರಣ? ಇದನ್ನು ಪರೀಕ್ಷಿಸಿದ ಪ್ರಯೋಗವೊಂದು ನಮ್ಮನ್ನು ನೇರವಾಗಿ ತಟ್ಟುತ್ತದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ದೇವಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳ ಮೇಲೆ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಇಬ್ಬರು ನಡೆಸಿದ ಈ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳು ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಬೇಕು. ಕೆಲವರ ವಿಷಯ ದಯಾಳು ಸಮಾರಿತನ ಸಾಮತಿಯೇ ಆಗಿತ್ತು. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕುಳಿತು ಕೆಮ್ಮುತ್ತಾ ನರಳುತ್ತಿರುವಂತೆ ಏರ್ಪಾಟು ಮಾಡಿದ್ದರು.

‘ಇನ್ನೂ ಸಮಯವಿದೆ’ ಎಂದು ಹೇಳಿ ಕಳಿಸಿದವರಲ್ಲಿ ನೂರಕ್ಕೆ 63ರಷ್ಟು ಮಂದಿ ನಿಂತು ಸಹಾಯಕ್ಕೆ ಮುಂದಾದರು. ‘ಆಗಲೇ ತಡವಾಗಿದೆ, ಓಡು’ ಎಂದು ಹೇಳಿ ಕಳಿಸಿದವರಲ್ಲಿ ನಿಂತವರು ನೂರಕ್ಕೆ 10 ಮಾತ್ರ. ಸಮಾರಿತನ ಬಗ್ಗೆಯೇ ಮಾತನಾಡಲು ಹೊರಟವರು ಉಳಿದವರಿಗಿಂತ ಹೆಚ್ಚಾಗಿ ನಿಂತರು ಎನ್ನುವಂತಹ ವ್ಯತ್ಯಾಸವೇನೂ ಕಾಣಲಿಲ್ಲ. ನರಳುವವನನ್ನು ದಾಟಿಕೊಂಡೇ ಹೋದವರೂ ಇದ್ದರು.

ಇದನ್ನು ಓದಿ ಆ ವಿದ್ಯಾರ್ಥಿಗಳನ್ನು ದೂಷಿಸಿದರೆ ನಾವು ಮೊದಲ ಪುಟದ ಅದೇ ತಪ್ಪನ್ನು ಮತ್ತೆ ಮಾಡಿದಂತೆ. ಅವರಲ್ಲಿ ದಯೆ ಇರಲಿಲ್ಲ ಎಂದಲ್ಲ, ಅವಸರ ಆ ದಯೆಯ ಕಣ್ಣು ಕಟ್ಟಿತ್ತು. ಬೆಳಿಗ್ಗೆ ಮಗುವನ್ನು ಶಾಲೆಗೆ ಹೊರಡಿಸುವಾಗ, ಬಸ್ಸು ತಪ್ಪುತ್ತದೆ ಎಂದು ಓಡುವಾಗ, ಅತ್ತೆ ಯಾಕೆ ತಿಂಡಿ ತಿನ್ನಲಿಲ್ಲ, ಮಗಳು ಯಾಕೆ ಸಪ್ಪಗಿದ್ದಾಳೆ ಎಂಬುದು ನಮಗೂ ಕಾಣುವುದಿಲ್ಲ. ಒಳ್ಳೆಯತನಕ್ಕೂ ಒಂದಿಷ್ಟು ಬಿಡುವು ಬೇಕು.

ನೀರಿನ ಟ್ಯಾಂಕಿನ ಪಾಠ

ಗುಂಪುಗಳ ನಡುವಿನ ಗೆರೆಯನ್ನು ಅಳಿಸಲು ಬರುವುದೇ ಇಲ್ಲವೇ? ಬರುತ್ತದೆ. ತುರ್ಕಿಯಲ್ಲಿ ಹುಟ್ಟಿದ ಮುಜಫರ್ ಷರೀಫ್ ಎಂಬ ವಿಜ್ಞಾನಿ 1954ರಲ್ಲಿ ಅಮೆರಿಕದ ಓಕ್ಲಹೋಮದ ಒಂದು ಕಾಡಿನಲ್ಲಿ ಹನ್ನೊಂದು ವರ್ಷದ ಆಸುಪಾಸಿನ 22 ಹುಡುಗರಿಗೆ ಬೇಸಿಗೆ ಶಿಬಿರ ನಡೆಸಿದರು. ಹುಡುಗರು ಒಬ್ಬರಿಗೊಬ್ಬರು ಅಪರಿಚಿತರು. ಎರಡು ತಂಡ ಮಾಡಿ, ಬಹುಮಾನದ ಆಟಗಳಿಗೆ ಹಚ್ಚಿದರು. ಕೆಲವೇ ದಿನಗಳಲ್ಲಿ ಬೈಗುಳ, ಬಾವುಟ ಸುಡುವುದು, ಒಬ್ಬರ ಕೊಠಡಿಗೆ ಇನ್ನೊಬ್ಬರು ನುಗ್ಗುವುದು ಶುರುವಾಯಿತು. ‘ಒಟ್ಟಿಗೆ ಊಟ ಮಾಡಿಸಿದರೆ ಸರಿಹೋಗುತ್ತಾರೆ’ ಎಂದು ಕೂರಿಸಿದರೆ ಅನ್ನವನ್ನೇ ಎಸೆದಾಡಿದರು.

ಆಗ ಶಿಬಿರದ ನೀರಿನ ಸರಬರಾಜು ನಿಂತುಹೋಯಿತು. ನಿಲ್ಲಿಸಿದವರು ಶಿಬಿರದವರೇ, ಆದರೆ ಹುಡುಗರಿಗೆ ಗೊತ್ತಿಲ್ಲ. ಬಾಯಾರಿದ ಎರಡೂ ತಂಡದವರು ಟ್ಯಾಂಕಿನ ಬಳಿ ಸೇರಿ ದೋಷ ಹುಡುಕಿ ಸರಿಮಾಡಿದರು. ಮುಂದೆ ಊಟ ತರುವ ಲಾರಿ ಕೆಟ್ಟಿತು ಎಂದಾಗ, ಹಗ್ಗಜಗ್ಗಾಟದ ಅದೇ ಹಗ್ಗ ಕಟ್ಟಿ ಎಲ್ಲರೂ ಒಂದೇ ಕಡೆಗೆ ಎಳೆದರು. ಮನೆಗೆ ಮರಳುವಾಗ ಒಂದೇ ಬಸ್ಸಿನಲ್ಲಿ ಹೋಗೋಣ ಎಂದು ಕೇಳಿಕೊಂಡರು. ಒಂದು ತಂಡ ತಾನು ಗೆದ್ದ ಐದು ಡಾಲರಿನಲ್ಲಿ ಎಲ್ಲರಿಗೂ ಕುಡಿಯಲು ಕೊಡಿಸಿತು. ಇನ್ನೂ ಒಂದು ಮಾತು. ಇದಕ್ಕೆ ಒಂದು ವರ್ಷ ಮೊದಲು, 1953ರಲ್ಲಿ, ಇಂಥದ್ದೇ ಇನ್ನೊಂದು ಶಿಬಿರ ನಡೆದಿತ್ತು. ಅಲ್ಲಿ ಹುಡುಗರನ್ನು ಮೊದಲು ಒಟ್ಟಿಗೆ ಬೆರೆಯಲು ಬಿಟ್ಟು ಆಮೇಲೆ ಎರಡು ತಂಡ ಮಾಡಿದ್ದರು. ದೊಡ್ಡವರು ಎಷ್ಟು ಕೆಣಕಿದರೂ ಆ ಹುಡುಗರು ಒಬ್ಬರನ್ನೊಬ್ಬರು ಶತ್ರುಗಳೆಂದು ಒಪ್ಪಲಿಲ್ಲ. ಮೊದಲೇ ಬೆಸೆದ ಸ್ನೇಹವನ್ನು ಹಣೆಪಟ್ಟಿ ಕೀಳಲಾರದು.

ನಮ್ಮ ಕಾವೇರಿಯ ದಡದಲ್ಲೂ ಅಂಥ ಪ್ರಯತ್ನ ನಡೆದಿದೆ. 2003ರಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ರೈತರು ‘ಕಾವೇರಿ ಕುಟುಂಬ’ ಎಂಬ ಹೆಸರಿನಲ್ಲಿ ಎದುರುಬದುರು ಕುಳಿತು ಮಾತಾಡಲು ಆರಂಭಿಸಿದರು. ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆ ಇದಕ್ಕೆ ನೆರವಾಯಿತು. ಒಬ್ಬರ ಹೊಲಕ್ಕೆ ಒಬ್ಬರು ಹೋದರು. ನೀರಿನ ಲೆಕ್ಕ ಬಗೆಹರಿದದ್ದು ಕೋರ್ಟಿನಲ್ಲೇ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75 ಟಿಎಂಸಿ ಎಂದು ತೀರ್ಪು ಕೊಟ್ಟಿತು. ಆದರೆ ‘ಅವರು’ ಎಂದುಕೊಂಡವರ ಒಣಗಿದ ಗದ್ದೆಯನ್ನು ಕಣ್ಣಾರೆ ಕಂಡ ರೈತನಿಗೆ ಕಲ್ಲೆತ್ತುವುದು ಅಷ್ಟು ಸುಲಭವಾಗದು. ಬೆಂಗಳೂರಿನ ಹಲಸೂರಿನಲ್ಲಿ 1991ರಿಂದ ಮುಸುಕು ಹೊದ್ದು ನಿಂತಿದ್ದ ತಿರುವಳ್ಳುವರ್ ಪ್ರತಿಮೆ 2009ರ ಆಗಸ್ಟ್ 9ರಂದು ಅನಾವರಣವಾಯಿತು. ನಾಲ್ಕೇ ದಿನಗಳಲ್ಲಿ, ಆಗಸ್ಟ್ 13ರಂದು, ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಹದಿನೆಂಟು ವರ್ಷ ಬಿಗಿದಿದ್ದ ಗಂಟನ್ನು ಎರಡೂ ಕಡೆಯವರು ಒಂದೊಂದು ಕೈ ಹಾಕಿ ಬಿಚ್ಚಿದರು.

ತಿಗನಾರೆಯ ಸುತ್ತಿನ ಹೊಲಗಳಲ್ಲಿ ಈ ಪಾಠವನ್ನು ಆನೆಗಳೇ ಕಲಿಸುತ್ತವೆ. ಬೆಳೆ ನುಗ್ಗಿ ತುಳಿಯುತ್ತಿದ್ದ, ಜನರ ಪ್ರಾಣವನ್ನೂ ತೆಗೆದ ‘ಕರುಪ್ಪನ್’ ಎಂಬ ಸಲಗವನ್ನು ಅರಣ್ಯ ಇಲಾಖೆಯವರು ಹಲವು ಪ್ರಯತ್ನಗಳ ನಂತರ 2023ರ ಏಪ್ರಿಲ್‌ನಲ್ಲಿ ಹಿಡಿದು ಬೇರೆ ಕಾಡಿಗೆ ಸಾಗಿಸಿದರು. ಆನೆ ಬಂದ ರಾತ್ರಿ ಯಾರೂ ಯಾರ ಭಾಷೆಯನ್ನೂ ಕೇಳುವುದಿಲ್ಲ. ಕೂಗು ಕೇಳಿದರೆ ಸಾಕು, ಪಂಜು ಹಿಡಿದವನು ನೆರೆಯವನು. ಕಷ್ಟದಲ್ಲಿ ಅಳಿಸುವ ಗೆರೆಯನ್ನು ಸುಖದಲ್ಲೂ ಎಳೆಯದಿರುವುದು ನಮ್ಮ ಕೈಯಲ್ಲಿದೆ.

ಮನೆಯಲ್ಲಿ ಮಾಡಬಹುದಾದದ್ದು

ಆಶ್ ಅವರ ಪ್ರಯೋಗದ ಇನ್ನೊಂದು ಭಾಗವನ್ನು ನಾವು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇವೆ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳುವಂತೆ ಏರ್ಪಡಿಸಿದಾಗ, ತಪ್ಪಿಗೆ ತಲೆಬಾಗುವುದು ಮೊದಲಿನ ಕಾಲು ಭಾಗಕ್ಕೆ ಇಳಿಯಿತು. ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರಲ್ಲಿ ಆರಂಭಿಸಿದ ಹೆಸರಾಂತ ಪ್ರಯೋಗದಲ್ಲಿ, ಮೇಲಿನವರು ಹೇಳಿದರೆಂದು 40 ಜನರಲ್ಲಿ 26 ಮಂದಿ ಇನ್ನೊಬ್ಬ ಮನುಷ್ಯನಿಗೆ ಅತಿ ಹೆಚ್ಚಿನ ವಿದ್ಯುತ್ ಆಘಾತ ಕೊಡುವ ಗುಂಡಿಯನ್ನೂ ಒತ್ತಿದ್ದರು. ಆಘಾತ ನಿಜವಾದದ್ದಲ್ಲ, ಆದರೆ ಒತ್ತಿದವರಿಗೆ ಅದು ತಿಳಿದಿರಲಿಲ್ಲ. ಅದೇ ಪ್ರಯೋಗದಲ್ಲಿ ಪಕ್ಕದಲ್ಲಿ ಕುಳಿತ ಇಬ್ಬರು ‘ನಾವು ಮಾಡುವುದಿಲ್ಲ’ ಎಂದು ಎದ್ದಾಗ, ಕೊನೆಯವರೆಗೆ ಹೋದವರು 40ರಲ್ಲಿ ನಾಲ್ವರು ಮಾತ್ರ. ಹೆದರಿಕೆ ಅಂಟುರೋಗವಾದರೆ ಧೈರ್ಯವೂ ಅಂಟುರೋಗವೇ.

ಆದ್ದರಿಂದ ನಮ್ಮ ಮನೆಗಳಲ್ಲಿ ನಾಲ್ಕು ಚಿಕ್ಕ ಅಭ್ಯಾಸಗಳನ್ನು ಬೆಳೆಸಿಕೊಳ್ಳೋಣ.

ಮೊದಲನೆಯದು, ಊಟಕ್ಕೆ ಕುಳಿತಾಗ ‘ಆ ಜನವೇ ಹಾಗೆ’ ಎಂಬ ಮಾತನ್ನು ಬಿಡೋಣ. ತಪ್ಪು ಮಾಡಿದವನಿಗೆ ಒಂದು ಹೆಸರಿರುತ್ತದೆ, ಜಾತಿಗೋ ಭಾಷೆಗೋ ಆ ತಪ್ಪನ್ನು ಕಟ್ಟುವುದು ಬೇಡ. ಮಕ್ಕಳು ಪಾಠಪುಸ್ತಕಕ್ಕಿಂತ ಚೆನ್ನಾಗಿ ಕಲಿಯುವುದು ಇಂಥ ಮಾತುಗಳನ್ನೇ.

ಎರಡನೆಯದು, ಮನೆಯಲ್ಲಿ ಮಗು ‘ಬೇಡ’ ಎಂದರೆ ಒಡನೆ ಬಾಯಿ ಮುಚ್ಚಿಸದೆ, ‘ಯಾಕೆ ಬೇಡ, ಹೇಳಪ್ಪ’, ‘ಹೇಳಮ್ಮ’ ಎಂದು ಕೇಳೋಣ. ಅಪ್ಪ ಅಮ್ಮನ ಮುಂದೆ ಗೌರವದಿಂದ ಭಿನ್ನಾಭಿಪ್ರಾಯ ಹೇಳಲು ಕಲಿಯದ ಮಗ, ಬೆಂಗಳೂರಿನಲ್ಲೋ ತಿರುಪ್ಪೂರಿನಲ್ಲೋ ಹತ್ತು ಗೆಳೆಯರು ಕಲ್ಲೆತ್ತುವಾಗ ‘ನಾನು ಬರುವುದಿಲ್ಲ’ ಎಂದು ಹೇಗೆ ಹೇಳಿಯಾನು?

ಮೂರನೆಯದು, ಮೊಬೈಲಿಗೆ ಬಂದ ಸುದ್ದಿ ನಮ್ಮಲ್ಲಿ ಸಿಟ್ಟನ್ನೋ ಭಯವನ್ನೋ ಎಬ್ಬಿಸಿದರೆ ಅದನ್ನು ಒಂದು ರಾತ್ರಿ ಇಟ್ಟು ನೋಡೋಣ. ನಿಜವಾದರೆ ಬೆಳಿಗ್ಗೆಯೂ ನಿಜವೇ ಆಗಿರುತ್ತದೆ. ಯಾರು ಹೇಳಿದರು, ಎಲ್ಲಿ ನಡೆಯಿತು, ಯಾವಾಗ ನಡೆಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಸುದ್ದಿ ನಮ್ಮಲ್ಲೇ ನಿಲ್ಲಲಿ.

ನಾಲ್ಕನೆಯದು, ಬೇರೆ ಮಾತಿನ, ಬೇರೆ ಧರ್ಮದ ಒಂದು ಮನೆಯ ಜೊತೆಗಾದರೂ ಬರೀ ಹಬ್ಬದ ಸಿಹಿಯಷ್ಟೇ ಅಲ್ಲ, ಕೆಲಸದ ಒಡನಾಟ ಇರಲಿ. ಒಟ್ಟಿಗೆ ಬಾವಿ ಶುಚಿ ಮಾಡುವುದು, ಸರದಿಯಲ್ಲಿ ಹೊಲ ಕಾಯುವುದು, ಒಂದೇ ವಾಹನದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವುದು. ಸಿಹಿ ಹಂಚಿದ ಸ್ನೇಹ ನಾಲಗೆಯ ಮೇಲಿರುತ್ತದೆ, ಬೆವರು ಹಂಚಿದ ಸ್ನೇಹ ಗಲಾಟೆಯ ದಿನ ಬಾಗಿಲ ಮುಂದೆ ಬಂದು ನಿಲ್ಲುತ್ತದೆ.

ಸುತ್ತಲಿನವರು ನಮ್ಮನ್ನು ರೂಪಿಸುತ್ತಾರೆ ಎಂಬುದು ನಿಜ. ಆದರೆ ಆ ಮಾತನ್ನು ತಿರುಗಿಸಿ ನೋಡಿದರೆ ಇನ್ನೊಂದು ನಿಜ ಕಾಣುತ್ತದೆ. ನಮ್ಮ ಸುತ್ತಲಿನವರಿಗೆ ಸುತ್ತಲಿನವರು ಯಾರು? ನಾವೇ. ಗುಂಪಿನಲ್ಲಿ ಗೋವಿಂದ ಎನ್ನುವುದಕ್ಕೆ ಮುನ್ನ ಒಂದು ಕ್ಷಣ ತಡೆದು ನಿಂತ ಒಬ್ಬನಿಂದ ಪಕ್ಕದವನಿಗೂ ನಿಲ್ಲುವ ಧೈರ್ಯ ಬರುತ್ತದೆ. ಆ ಒಬ್ಬ ನಮ್ಮ ಮನೆಯಿಂದಲೇ ಹೊರಟವನಾಗಿರಲಿ.